ಹೊಸ ಕಂಪ್ಯೂಟರ್‌ನಲ್ಲಿ ವಿಂಡೋಸ್ 98: ಎಲ್ಲರೂ ಎಡವುವ ಜಾಗ ದಾಟುವುದು ಹೇಗೆ

ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 98 ಹಾಕಲು ಹೋಗಿ ಕೈಸೋತು ನನ್ನ ಹತ್ತಿರ ಬಂದವರು ಈಗಾಗಲೇ ನಾಲ್ಕೈದು ಜನ. ಎಲ್ಲರದ್ದೂ ಒಂದೇ ಕಥೆ. ಸೆಟಪ್ ಚೆನ್ನಾಗಿಯೇ ಶುರುವಾಗುತ್ತದೆ, ಫೈಲ್‌ಗಳೆಲ್ಲ ಕಾಪಿ ಆಗುತ್ತವೆ, ಮೊದಲ ರೀಸ್ಟಾರ್ಟ್ ಆದದ್ದೇ ತಡ ಎಂಥದೋ ಒಂದು ಎರರ್. ಸಿಡಿ ಹಾಳಾಗಿದೆ ಅಂದುಕೊಂಡು ಇನ್ನೊಂದು ಸಿಡಿ ಹುಡುಕುತ್ತಾರೆ, ಮತ್ತೆ ಅದೇ ಎರರ್. ಒಬ್ಬ ಪ್ರೆಸ್ ಮಾಲೀಕರಂತೂ ನಾಲ್ಕು ಸಿಡಿ ಬದಲಾಯಿಸಿದ ಮೇಲೆ ಬಂದರು. ನಾಲ್ಕರಲ್ಲಿ ಒಂದೂ ಹಾಳಾಗಿರಲಿಲ್ಲ.

ತೊಂದರೆ ಇರುವುದು ಹೊಸ ಪ್ರೊಸೆಸರ್‌ಗೂ ಹಳೇ ವಿಂಡೋಸ್‌ಗೂ ನಡುವೆ. ಅದಕ್ಕೆ ಮದ್ದು ಇದೆ, ಪುಕ್ಕಟೆಯಾಗಿಯೇ ಸಿಗುತ್ತದೆ. ಆದರೆ ಅದನ್ನು ಯಾವ ಹೊತ್ತಿನಲ್ಲಿ ಹಾಕಬೇಕು ಅನ್ನುವುದು ಗೊತ್ತಿರಬೇಕು. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಶುರು ಮಾಡುವ ಮೊದಲು: ನಿಜವಾಗಲೂ ಬೇಕಾ?

ನಿಮಗೆ ಬೇಕಿರುವುದು ನುಡಿ ಅಥವಾ ಬರಹ ಸಾಫ್ಟ್‌ವೇರ್‌ನ ಹಳೇ ಆವೃತ್ತಿಯಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಓದುವುದು ಮಾತ್ರವಾದರೆ, ಇಷ್ಟೆಲ್ಲ ಕಷ್ಟ ಬೇಡ. ಆ ಫೈಲ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ, ಫಾಂಟ್ ಇಲ್ಲದಿದ್ದರೆ ಕಸದ ಹಾಗೆ ಕಾಣುತ್ತವೆ, ಅಷ್ಟೇ. ಆ ಫಾಂಟ್ ಹಾಕಿಕೊಂಡರೆ ಓದಬಹುದು. ಈ ಹಳೇ ಪದ್ಧತಿಯಿಂದ (ಆಸ್ಕಿ ಅನ್ನುತ್ತಾರೆ) ಈಗಿನ ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳೂ ಇವೆ. ಅರ್ಧ ಗಂಟೆಯ ಕೆಲಸ.

ಪುಟ ಜೋಡಿಸುವ ಪೇಜ್‌ಮೇಕರ್‌ನ ಫೈಲ್‌ಗಳಿದ್ದರೆ ಮಾತು ಬೇರೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯದು. ಇನ್‌ಡಿಸೈನ್ ಸಿಎಸ್6ರ ತನಕ ಆ ಫೈಲ್‌ಗಳನ್ನು ತೆರೆಯುತ್ತಿತ್ತು, ಆಮೇಲಿನವು ಮುಟ್ಟುವುದಿಲ್ಲ. ಆಗ ಹಳೇ ವಿಂಡೋಸೇ ಗತಿ. ಹಳೇ ಆಟ, ಹಳೇ ಅಕೌಂಟಿಂಗ್ ಪ್ಯಾಕೇಜ್ ಇವುಗಳಿಗೂ ಹಾಗೇ.

ಇನ್ನೊಂದು ಮಾತು. ನಿಮ್ಮ ಸಾಫ್ಟ್‌ವೇರ್ ಎಕ್ಸ್‌ಪಿಯಲ್ಲಿ ಓಡುತ್ತದೆ ಅಂತ ಗೊತ್ತಿದ್ದರೆ ಎಕ್ಸ್‌ಪಿಯನ್ನೇ ಹಾಕಿ. ಅದು ಇದರ ಕಾಲುಭಾಗದಷ್ಟೂ ಕಾಟ ಕೊಡುವುದಿಲ್ಲ. ಎಕ್ಸ್‌ಪಿಯಲ್ಲಿ ಆಗುವುದಿಲ್ಲ, ಅಥವಾ 98ರ ಮೇಲೆ ಮನಸ್ಸಿದೆ ಅನ್ನುವವರು ಮಾತ್ರ ಮುಂದೆ ಓದಿ.

ಹಳೇ ಪ್ಯಾಕೇಜ್‌ಗೆ ಪ್ರಿಂಟರ್ ಪೋರ್ಟ್‌ನಲ್ಲಿ ಸಿಕ್ಕಿಸುವ ಲಾಕ್, ಅಂದರೆ ಡಾಂಗಲ್ ಬೇಕಿದ್ದರೆ ಇಲ್ಲಿಗೇ ನಿಲ್ಲಿಸಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಆ ಪೋರ್ಟೇ ಇರುವುದಿಲ್ಲ. ಅಂಥವರು ಹಳೇ ಮಷೀನನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳುವುದೇ ವಾಸಿ.

ನೇರವಾಗಿ ಹಾರ್ಡ್‌ಡಿಸ್ಕ್‌ಗೆ ಹಾಕಬೇಡಿ

ಇದನ್ನು ಎಷ್ಟು ಸಲ ಹೇಳಿದರೂ ಒಬ್ಬರಾದರೂ ಪ್ರಯತ್ನ ಮಾಡುತ್ತಾರೆ. ಹೊಸ ಮದರ್‌ಬೋರ್ಡ್‌ಗಳಲ್ಲಿ ಬಹಳಷ್ಟಕ್ಕೆ ಕಂಪ್ಯೂಟರನ್ನು ಏಳಿಸುವ ಹಳೇ ಬಯೋಸ್ ಇಲ್ಲ, ಅದರ ಜಾಗದಲ್ಲಿ ಬಂದ ಯುಇಎಫ್‌ಐ ಮಾತ್ರ. 98ಕ್ಕೆ ಈಗಿನ ಎನ್‌ವಿಎಂಇ ಡಿಸ್ಕ್ ಅಂದರೇನು ಅಂತಲೇ ಗೊತ್ತಿಲ್ಲ. ಡಿಸ್ಕ್ 137 ಜಿಬಿ ದಾಟಿದರೆ ಡೇಟಾ ಕೆಡುತ್ತದೆ. ಡಿಸ್‌ಪ್ಲೇಗೆ ಡ್ರೈವರ್ ಇಲ್ಲ, ವೈಫೈಗೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಈಗಿರುವ ವಿಂಡೋಸ್ 11 ಅಳಿಸಿ ಹೋಗುವ ಅಪಾಯ ಇದೆ.

ದಾರಿ ಅಂದರೆ ವರ್ಚುವಲ್ ಮಷೀನ್. ಈಗಿನ ವಿಂಡೋಸ್ ಒಳಗೇ ಒಂದು ಕಿಟಕಿಯಲ್ಲಿ ಹಳೇ ಕಂಪ್ಯೂಟರ್ ಓಡುತ್ತದೆ. ನಾನು ಇಲ್ಲಿ ವರ್ಚುವಲ್‌ಬಾಕ್ಸ್ ಅನ್ನುವ ಪ್ರೋಗ್ರಾಂ ಇಟ್ಟುಕೊಂಡು ಹೇಳುತ್ತೇನೆ. ಎಂ ಸರಣಿ ಚಿಪ್ ಇರುವ ಮ್ಯಾಕ್ ಇದ್ದವರಿಗೆ ಇದು ಕೆಲಸಕ್ಕೆ ಬರುವುದಿಲ್ಲ. ಅವರು ಯುಟಿಎಂ ಅಥವಾ 86ಬಾಕ್ಸ್ ನೋಡಬೇಕು. ನಿಧಾನ, ಆದರೆ ಓಡುತ್ತದೆ.

ಹಂತ 1: ಸಾಮಾನು ಜೋಡಿಸಿಕೊಳ್ಳಿ

ಮಧ್ಯದಲ್ಲಿ ಎದ್ದು ಹುಡುಕುವ ಹಾಗಾಗಬಾರದು. ಇವೆಲ್ಲ ಒಂದೇ ಫೋಲ್ಡರ್‌ನಲ್ಲಿ ಇರಲಿ:

- ವಿಂಡೋಸ್ 98 ಸೆಕೆಂಡ್ ಎಡಿಷನ್ ಸಿಡಿಯ ಐಎಸ್‌ಒ ಫೈಲ್, ಅಂದರೆ ಇಡೀ ಸಿಡಿಯ ನಕಲು ಒಂದೇ ಫೈಲ್‌ನಲ್ಲಿ. ಮನೆಯಲ್ಲಿ ಸಿಡಿ ಇದ್ದರೆ ಇಮ್ಗ್‌ಬರ್ನ್ ಥರದ್ದರಲ್ಲಿ ಮಾಡಿಕೊಳ್ಳಬಹುದು. ಮೊದಲನೇ ಎಡಿಷನ್ ಬೇಡ, 1999ರ ಎರಡನೆಯದೇ ಇರಲಿ.
- ಸಿಡಿ ಕವರ್ ಮೇಲಿನ ಪ್ರಾಡಕ್ಟ್ ಕೀ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸೆಟಪ್ ಕೇಳುವಾಗ ಕಾಪಿ ಪೇಸ್ಟ್ ನಡೆಯುವುದಿಲ್ಲ.
- ವರ್ಚುವಲ್‌ಬಾಕ್ಸ್.
- ಪ್ಯಾಚರ್9ಎಕ್ಸ್ ಅನ್ನುವ ಪ್ಯಾಚ್‌ನ ಫ್ಲಾಪಿ ಇಮೇಜ್. ಇದೇ ಮದ್ದು.
- ಸಾಫ್ಟ್‌ಜಿಪಿಯು ಅನ್ನುವ ಡಿಸ್‌ಪ್ಲೇ ಡ್ರೈವರ್‌ನ ಐಎಸ್‌ಒ.

ಕೊನೆಯ ಎರಡನ್ನೂ ಬರೆದವರು ಒಬ್ಬರೇ, ಎರಡೂ ಓಪನ್ ಸೋರ್ಸ್, ಗಿಟ್‌ಹಬ್‌ನಲ್ಲಿ ಸಿಗುತ್ತವೆ. ಅಲ್ಲಿಂದಲೇ ಇಳಿಸಿಕೊಳ್ಳಿ. ಬೇರೆ ಸೈಟ್‌ಗಳಲ್ಲಿ ಇದೇ ಹೆಸರಿಟ್ಟುಕೊಂಡು ಏನೇನೋ ಇರುತ್ತದೆ.

ಹಂತ 2: ಆಮೆ ಇದೆಯಾ ನೋಡಿ

ಮೊದಲು ನಿಮ್ಮ ಕಂಪ್ಯೂಟರ್‌ನ ಯುಇಎಫ್‌ಐ ಸೆಟ್ಟಿಂಗ್‌ಗಳಲ್ಲಿ (ಜನ ಇದನ್ನು ಈಗಲೂ ಬಯೋಸ್ ಅಂತಲೇ ಕರೆಯುತ್ತಾರೆ) ವರ್ಚುವಲೈಸೇಷನ್ ಆನ್ ಇರಬೇಕು. ಇಂಟೆಲ್ ಆದರೆ ವಿಟಿ-ಎಕ್ಸ್ ಅಂತಲೂ ಎಎಂಡಿ ಆದರೆ ಎಸ್‌ವಿಎಂ ಅಂತಲೂ ಬರೆದಿರುತ್ತದೆ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಆನ್ ಆಗಿರುತ್ತದೆ.

ಆಮೇಲೆ ಆಮೆ. ವರ್ಚುವಲ್‌ಬಾಕ್ಸ್‌ನಲ್ಲಿ ಯಾವುದಾದರೂ ಮಷೀನ್ ಓಡುವಾಗ (ಇನ್ನೂ ಒಂದೂ ಇಲ್ಲದಿದ್ದರೆ ಹಂತ 3ರಲ್ಲಿ ಕಟ್ಟಿದ್ದನ್ನು ಮೊದಲ ಸಲ ಶುರು ಮಾಡಿದಾಗ) ಕಿಟಕಿಯ ಕೆಳಗೆ ಬಲಗಡೆ ಪುಟ್ಟ ಚಿತ್ರಗಳ ಸಾಲು ಇರುತ್ತದೆ. ಅದರಲ್ಲಿ ಹಸಿರು ಆಮೆ ಕಂಡರೆ, ನಿಮ್ಮ ವಿಂಡೋಸ್ ತನ್ನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಹೈಪರ್-ವಿಯನ್ನು ಓಡಿಸುತ್ತಿದೆ, ವರ್ಚುವಲ್‌ಬಾಕ್ಸ್‌ಗೆ ಪ್ರೊಸೆಸರ್ ನೇರವಾಗಿ ಸಿಗುತ್ತಿಲ್ಲ ಅಂತ ಅರ್ಥ. ಆಮೆ ಇಟ್ಟುಕೊಂಡು 98 ಹಾಕಲು ಹೋದರೆ ಅದು ತೆವಳುತ್ತದೆ, ಎಲ್ಲೋ ಒಂದು ಕಡೆ ನಿಂತೂಬಿಡುತ್ತದೆ. ತಪ್ಪು ನಿಮ್ಮದು ಅಂತ ನೀವು ಸುಮ್ನೆ ಮೊದಲಿಂದ ಶುರು ಮಾಡುತ್ತೀರಿ.

ಆಮೆ ಹೋಗಬೇಕಾದರೆ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್ ಇವುಗಳ ಟಿಕ್ ತೆಗೆಯಿರಿ. ವಿಂಡೋಸ್ ಸೆಕ್ಯೂರಿಟಿಯಲ್ಲಿ ಕೋರ್ ಐಸೊಲೇಷನ್ ಒಳಗಿನ ಮೆಮೊರಿ ಇಂಟೆಗ್ರಿಟಿಯನ್ನೂ ಆಫ್ ಮಾಡಬೇಕಾಗುತ್ತದೆ. ಇದು ಒಂದು ರಕ್ಷಣೆಯನ್ನು ಕಡಿಮೆ ಮಾಡಿದ ಹಾಗೆಯೇ. ಆಫೀಸಿನ ಲ್ಯಾಪ್‌ಟಾಪ್ ಆದರೆ ಮುಟ್ಟಲೇಬೇಡಿ, ಕೇಳಿ ಮಾಡಿ. ಪೂರ್ತಿ ರೀಸ್ಟಾರ್ಟ್ ಆದ ಮೇಲೆ ಆಮೆ ಜಾಗದಲ್ಲಿ ಪ್ರೊಸೆಸರ್ ಚಿಪ್‌ನ ಚಿತ್ರ ಬಂದಿರಬೇಕು.

ಹಂತ 3: ಮಷೀನ್ ಕಟ್ಟುವುದು (ಉದಾರತೆ ಬೇಡ)

ಹೊಸ ಮಷೀನ್ ಮಾಡುವಾಗ ವಿಂಡೋಸ್ 98 ಅಂತ ಆರಿಸಿ. ಐಎಸ್‌ಒ ಕೊಟ್ಟಾಗ "ಅನ್‌ಅಟೆಂಡೆಡ್ ಇನ್‌ಸ್ಟಾಲೇಷನ್" ಅನ್ನುವುದರ ಸುದ್ದಿ ಬಂದರೆ ಅದು ಬೇಡ ಅನ್ನಿ.

ಮೆಮೊರಿ 256 ಎಂಬಿ ಕೊಡಿ. ಹೌದು, ಎಂಬಿ. ನನ್ನ ಹತ್ತಿರ 16 ಜಿಬಿ ಇದೆಯಲ್ಲ ಅಂತ 2 ಜಿಬಿ ಕೊಡುವವರೇ ಜಾಸ್ತಿ. 98ಕ್ಕೆ 512 ಎಂಬಿ ದಾಟಿದರೆ ಅಜೀರ್ಣ. ತಮಾಷೆ ಏನೆಂದರೆ, ಮೆಮೊರಿ ಹೆಚ್ಚಾದಾಗ ಅದು ಕೊಡುವ ಎರರ್ "ಸಾಕಷ್ಟು ಮೆಮೊರಿ ಇಲ್ಲ" ಅಂತ! ಅದನ್ನು ನಂಬಿ ಇನ್ನೂ ಹೆಚ್ಚು ಕೊಟ್ಟವರನ್ನೂ ನೋಡಿದ್ದೇನೆ. ಪೇಜ್‌ಮೇಕರ್‌ಗೆ 256 ಧಾರಾಳ.

ಪ್ರೊಸೆಸರ್ ಒಂದೇ. 98ಕ್ಕೆ ಎರಡನೇ ಕೋರ್ ಕಾಣುವುದೇ ಇಲ್ಲ. ಡಿಸ್ಕ್ 8 ಜಿಬಿ ಸಾಕು, ಐಡಿಇ ಕಂಟ್ರೋಲರ್ ಕೆಳಗೆ ಇರಬೇಕು, ಸಾಟಾ ಬೇಡ. ಯುಇಎಫ್‌ಐ ಟಿಕ್ ಇರಬಾರದು. ಫ್ಲಾಪಿ ಡ್ರೈವ್ ಇಲ್ಲದಿದ್ದರೆ ಸೇರಿಸಿ, ಬೂಟ್ ಆರ್ಡರ್‌ನಲ್ಲಿ ಫ್ಲಾಪಿ ಮೊದಲು, ಆಮೇಲೆ ಸಿಡಿ, ಆಮೇಲೆ ಹಾರ್ಡ್‌ಡಿಸ್ಕ್. ಸೌಂಡ್‌ಗೆ ಸೌಂಡ್‌ಬ್ಲಾಸ್ಟರ್ 16 ಆರಿಸಿ, ಅದರ ಡ್ರೈವರ್ 98ರಲ್ಲೇ ಇದೆ. ನೆಟ್‌ವರ್ಕ್ ಸದ್ಯಕ್ಕೆ ಬೇಡ.

ಹಂತ 4: ಡಿಸ್ಕ್ ಸಿದ್ಧ ಮಾಡುವುದು

ಸಿಡಿಯಿಂದ ಬೂಟ್ ಮಾಡಿ, ಬರುವ ಪಟ್ಟಿಯಲ್ಲಿ ಸಿಡಿ-ರಾಮ್ ಸಪೋರ್ಟ್ ಜೊತೆ ಕಂಪ್ಯೂಟರ್ ಶುರು ಮಾಡು ಅನ್ನುವುದನ್ನು ಆರಿಸಿ. ನೇರವಾಗಿ ಸೆಟಪ್ ಆರಿಸಬೇಡಿ, ಕಾರಣ ಮುಂದಿನ ಹಂತದಲ್ಲಿದೆ. ಕಮಾಂಡ್ ಟೈಪ್ ಮಾಡುವ ಡಾಸ್‌ನ ಕಪ್ಪು ಪರದೆ ಬರುತ್ತದೆ. ಕಿಟಕಿಯೊಳಗೆ ಕ್ಲಿಕ್ ಮಾಡಿದ ಮೇಲೆ ಮೌಸ್ ಹೊರಗೆ ಬರುತ್ತಿಲ್ಲ ಅಂತ ಗಾಬರಿ ಬೇಡ, ಬಲಗಡೆಯ ಕಂಟ್ರೋಲ್ ಕೀ ಒತ್ತಿದರೆ ಬಿಡುತ್ತದೆ. ಡಾಸ್ ಪರದೆಯಲ್ಲಿ ಇರುವಷ್ಟು ಹೊತ್ತು ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ತಿರುಗುವುದೂ ಸಹಜ. ಡಾಸ್‌ಗೆ ಸುಮ್ಮನೆ ಕೂರುವುದು ಗೊತ್ತಿಲ್ಲ.

ಡಿಸ್ಕನ್ನು ಭಾಗ ಮಾಡುವ ಎಫ್‌ಡಿಸ್ಕ್ ಕಮಾಂಡ್ ಓಡಿಸಿ. ದೊಡ್ಡ ಡಿಸ್ಕ್ ಸಪೋರ್ಟ್ ಬೇಕಾ ಅಂತ ಕೇಳಿದರೆ ಹೌದು ಅನ್ನಿ. ಪ್ರೈಮರಿ ಪಾರ್ಟಿಷನ್ ಮಾಡಿ, ಪೂರ್ತಿ ಜಾಗ ಕೊಡಿ. ಈಗ ಮಷೀನನ್ನು ರೀಸ್ಟಾರ್ಟ್ ಮಾಡಲೇಬೇಕು. ಇದನ್ನು ಮರೆತು ನೇರವಾಗಿ ಫಾರ್ಮ್ಯಾಟ್ ಕೊಟ್ಟರೆ ಅಂಥ ಡ್ರೈವೇ ಇಲ್ಲ ಅನ್ನುತ್ತದೆ. ಮತ್ತೆ ಸಿಡಿಯಿಂದಲೇ ಬೂಟ್ ಮಾಡಿ ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಅನ್ನುವ ಕಮಾಂಡ್ ಸಿಗುತ್ತಿಲ್ಲ ಅಂದರೆ ಸಿಡಿಯ ವಿನ್98 ಫೋಲ್ಡರ್ ಒಳಗೆ ಹೋಗಿ ಕೊಡಿ. ಸಿಡಿಯ ಅಕ್ಷರ ಡಿ ಇರಬಹುದು, ಇ ಇರಬಹುದು, ಪಾರ್ಟಿಷನ್ ಮಾಡಿದ ಮೇಲೆ ಬದಲಾಗಲೂಬಹುದು. ಒಂದೊಂದರಲ್ಲೂ ಪಟ್ಟಿ ತೆಗೆದು ನೋಡಿಕೊಳ್ಳಿ.

ಹಂತ 5: ಸಿಡಿಯನ್ನು ಡಿಸ್ಕ್‌ಗೆ ಇಳಿಸಿ, ಅಲ್ಲಿಂದ ಸೆಟಪ್

ಸಿ ಡ್ರೈವ್‌ನಲ್ಲಿ ವಿನ್98 ಅಂತ ಫೋಲ್ಡರ್ ಮಾಡಿ, ಸಿಡಿಯ ಅದೇ ಹೆಸರಿನ ಫೋಲ್ಡರ್‌ನಲ್ಲಿರುವ ಫೈಲ್‌ಗಳನ್ನೆಲ್ಲ ಅದಕ್ಕೆ ಕಾಪಿ ಮಾಡಿ. ಸೆಟಪ್ ಅನ್ನು ಅಲ್ಲಿಂದ ಓಡಿಸಿ. ಎರಡು ನಿಮಿಷದ ಕೆಲಸ, ಆದರೆ ಮುಂದೆ ಪ್ರತಿ ಡ್ರೈವರ್ ಹಾಕುವಾಗಲೂ "ಸಿಡಿ ಹಾಕಿ" ಅಂತ 98 ಪೀಡಿಸುವುದು ಇದರಿಂದ ತಪ್ಪುತ್ತದೆ.

ಫೈಲ್ ಕಾಪಿ ಆಗುವ ತನಕ ಸೆಟಪ್ ತನ್ನಷ್ಟಕ್ಕೆ ನಡೆಯುತ್ತದೆ. ಕೊನೆಯಲ್ಲಿ 15 ಸೆಕೆಂಡ್‌ನಲ್ಲಿ ರೀಸ್ಟಾರ್ಟ್ ಆಗುತ್ತೇನೆ ಅಂತ ಎಣಿಸುತ್ತದೆ. ಈ ಹೊತ್ತಿಗೆ ಚಹಾಕ್ಕೆ ಅಂತ ಎದ್ದು ಹೋಗಬೇಡಿ.

ಹಂತ 6: ಪ್ಯಾಚ್ (ಎಲ್ಲರೂ ಎಡವುವುದು ಇಲ್ಲೇ)

ರೀಸ್ಟಾರ್ಟ್ ಆಗುವ ಮುಂಚೆಯೇ ಡಿವೈಸಸ್ ಮೆನುವಿನಲ್ಲಿ ಫ್ಲಾಪಿ ಡ್ರೈವ್‌ಗೆ ಪ್ಯಾಚರ್ ಇಮೇಜ್ ಹಾಕಿ. ಬೂಟ್ ಆರ್ಡರ್‌ನಲ್ಲಿ ಫ್ಲಾಪಿ ಮೊದಲಿರುವುದರಿಂದ ಮಷೀನ್ ಅದರಿಂದಲೇ ಏಳುತ್ತದೆ. ಪ್ಯಾಚ್9ಎಕ್ಸ್ ಅನ್ನುವ ಪ್ರೋಗ್ರಾಂ ಓಡಿಸಿ. ವಿಂಡೋಸ್ ಎಲ್ಲಿದೆ ಅಂತ ಕೇಳುತ್ತದೆ, ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಆದರೆ ಎಂಟರ್ ಒತ್ತಿದರೆ ಸಾಕು. ಉಳಿದ ಪ್ರಶ್ನೆಗಳಿಗೂ ಅದು ತಾನೇ ಸೂಚಿಸುವ ಉತ್ತರ ಸರಿ. ಮುಗಿದ ಮೇಲೆ ಫ್ಲಾಪಿ ತೆಗೆದು ರೀಸ್ಟಾರ್ಟ್ ಮಾಡಿ. ಅಷ್ಟೇ.

ಇದು ಏಕೆ ಬೇಕು ಅಂದರೆ, ಮೆಮೊರಿಯ ಯಾವ ಪುಟ ಎಲ್ಲಿದೆ ಅನ್ನುವ ವಿಳಾಸಗಳನ್ನು ಪ್ರೊಸೆಸರ್ ಒಂದು ಪುಟ್ಟ ಪಟ್ಟಿಯಲ್ಲಿ ನೆನಪಿಟ್ಟುಕೊಂಡಿರುತ್ತದೆ. ವಿಂಡೋಸ್ ಪುಟದ ಜಾಗ ಬದಲಾಯಿಸಿದಾಗ ಹಳೇ ವಿಳಾಸ ಮರೆತುಬಿಡು ಅಂತ ಪ್ರೊಸೆಸರ್‌ಗೆ ಹೇಳಬೇಕು. 98 ಕೆಲವು ಕಡೆ ಅದನ್ನು ಸರಿಯಾಗಿ ಹೇಳುವುದಿಲ್ಲ. ಆ ಕಾಲದ ಪ್ರೊಸೆಸರ್‌ಗಳು ತಾವಾಗಿಯೇ ಬೇಗ ಮರೆಯುತ್ತಿದ್ದವು, ಹಾಗಾಗಿ ತಪ್ಪು ಗೊತ್ತಾಗಲಿಲ್ಲ. ಈಗಿನವುಗಳಿಗೆ ನೆನಪು ಜಾಸ್ತಿ. ಮನೆ ಖಾಲಿ ಮಾಡಿ ಹೋದವರ ಕಾಗದವನ್ನು ಅಂಚೆಯವನು ಹಳೇ ಮನೆಗೇ ಹಾಕುತ್ತಿರುವ ಹಾಗೆ. ಎಎಂಡಿಯ ಹೊಸ ರೈಜನ್‌ಗಳಲ್ಲಿ, ಇಂಟೆಲ್‌ನ 11ನೇ ಪೀಳಿಗೆಯಿಂದ ಈಚಿನವುಗಳಲ್ಲಿ ಇದು ಕಾಡುತ್ತದೆ. ನಿಮ್ಮದು ಹಳೆಯದಾಗಿದ್ದರೂ ಪ್ಯಾಚ್ ಹಾಕಿದರೆ ನಷ್ಟವೇನಿಲ್ಲ.

ಪ್ಯಾಚ್ ಬಿಟ್ಟುಹೋಗಿದೆ ಅನ್ನುವುದಕ್ಕೆ ಗುರುತುಗಳು ಇವು. "ವಿಂಡೋಸ್ ಪ್ರೊಟೆಕ್ಷನ್ ಎರರ್". ಎಕ್ಸ್‌ಪ್ಲೋರರ್ ಅಥವಾ ರನ್‌ಡಿಎಲ್‌ಎಲ್32 ಇಲ್ಲೀಗಲ್ ಆಪರೇಷನ್ ಮಾಡಿದೆ ಅನ್ನುವ ಪೆಟ್ಟಿಗೆ. ಕರ್ನೆಲ್32ರ ಹೆಸರು ಹೇಳುವ ಎರರ್. ಮುಖ್ಯವಾದ ಗುರುತು, ಪ್ರತಿ ಸಲ ಬೇರೆ ಬೇರೆ ಕಡೆ ಬೀಳುವುದು. ಸಿಡಿ ಹಾಳಾಗಿದ್ದರೆ ಪ್ರತಿ ಸಲವೂ ಅದೇ ಫೈಲ್‌ನಲ್ಲಿ, ಅದೂ ಕಾಪಿ ಮಾಡುವಾಗಲೇ ನಿಲ್ಲುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ ಆ ಪ್ರೆಸ್ ಮಾಲೀಕರ ಮೂರು ಸಿಡಿ ಉಳಿಯುತ್ತಿತ್ತು.

ಈಗಾಗಲೇ ಮುಂದೆ ಹೋಗಿ ಸಿಕ್ಕಿಬಿದ್ದವರು ಮಷೀನ್ ಆಫ್ ಮಾಡಿ, ಫ್ಲಾಪಿ ಹಾಕಿ ಪ್ಯಾಚ್ ಓಡಿಸಿ ನೋಡಬಹುದು. ಕೆಲವೊಮ್ಮೆ ಸರಿಹೋಗುತ್ತದೆ. ಆದರೆ ನಾಲ್ಕೈದು ಸಲ ಅರ್ಧಕ್ಕೆ ಬಿದ್ದು ಎದ್ದಿದ್ದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿ ಕೆಟ್ಟಿರಬಹುದು. ಆಗ ಡಿಸ್ಕ್ ಫಾರ್ಮ್ಯಾಟ್ ಮಾಡಿ ಹಂತ 5ರಿಂದ ಬನ್ನಿ. ಅದೇ ಬೇಗ ಮುಗಿಯುತ್ತದೆ.

ಸೆಟಪ್‌ನ ಉಳಿದ ಭಾಗದಲ್ಲಿ ಹೇಳುವಂಥದ್ದೇನಿಲ್ಲ. ಹೆಸರು, ಕೀ, ಸಮಯ ಕೇಳುತ್ತದೆ, ಒಂದೆರಡು ಸಲ ರೀಸ್ಟಾರ್ಟ್ ಆಗುತ್ತದೆ.

ಹಂತ 7: ಮೊದಲು ಸ್ನ್ಯಾಪ್‌ಶಾಟ್, ಆಮೇಲೆ ಡಿಸ್‌ಪ್ಲೇ

ಡೆಸ್ಕ್‌ಟಾಪ್ ಬಂದ ಖುಷಿಯಲ್ಲಿ ಏನೂ ಮುಟ್ಟಬೇಡಿ. ಶಟ್‌ಡೌನ್ ಮಾಡಿ, ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಮಷೀನ್ ಈಗ ಇರುವ ಸ್ಥಿತಿಯ ದಾಖಲೆ ತೆಗೆಯಿರಿ. ಡಿಸ್‌ಪ್ಲೇ ಡ್ರೈವರ್ ಎಡವಟ್ಟಾದರೆ ಹಿಂದಕ್ಕೆ ಬರಲು ಇದೇ ಭರವಸೆಯ ದಾರಿ.

ಈಗ ಕಾಣುತ್ತಿರುವುದು 640×480, 16 ಬಣ್ಣ. ಇಲ್ಲಿ ಎಲ್ಲರೂ ವರ್ಚುವಲ್‌ಬಾಕ್ಸ್‌ನದೇ ಡ್ರೈವರ್‌ಗಳ ಕಟ್ಟು, ಅಂದರೆ ಗೆಸ್ಟ್ ಅಡಿಷನ್ಸ್ ಹಾಕಲು ಹೋಗುತ್ತಾರೆ. 98ಕ್ಕೆ ಅದು ಇಲ್ಲ, ಯಾವತ್ತೂ ಇರಲಿಲ್ಲ. ಬದಲಿಗೆ ಸಾಫ್ಟ್‌ಜಿಪಿಯು ಐಎಸ್‌ಒವನ್ನು ಸಿಡಿ ಡ್ರೈವ್‌ಗೆ ಹಾಕಿ ಅದರ ಇನ್‌ಸ್ಟಾಲರ್ ಓಡಿಸಿ. ಅದಕ್ಕೆ ಬೇಕಾದ ಚಿಕ್ಕಪುಟ್ಟ ಫೈಲ್‌ಗಳಿದ್ದರೆ ಅದೇ ಕೇಳಿ ಹಾಕಿಕೊಳ್ಳುತ್ತದೆ, ನಡುವೆ ರೀಸ್ಟಾರ್ಟ್ ಕೇಳಿದರೆ ಮಾಡಿ. ಮುಗಿದ ಮೇಲೆ 1024×768, 32 ಬಿಟ್ ಬಣ್ಣ ಆರಿಸಿಕೊಳ್ಳಬಹುದು. ಪರದೆ ಕಪ್ಪಾಗಿಯೇ ಉಳಿದರೆ ಬೂಟ್ ಆಗುವಾಗ ಎಫ್8 ಒತ್ತಿ ಸೇಫ್ ಮೋಡ್‌ಗೆ ಹೋಗಿ, ಅಲ್ಲೂ ಆಗದಿದ್ದರೆ ಸ್ನ್ಯಾಪ್‌ಶಾಟ್‌ಗೆ ಮರಳಿ.

ಹಂತ 8: ಫೈಲ್ ಒಳಗೆ ತರುವುದು, ಹೊರಗೆ ಒಯ್ಯುವುದು

ಒಳಗೆ ತರುವುದು ಸುಲಭ. ಬೇಕಾದ ಫೈಲ್‌ಗಳನ್ನೆಲ್ಲ ಒಂದು ಐಎಸ್‌ಒ ಮಾಡಿ ಸಿಡಿ ಡ್ರೈವ್‌ಗೆ ಹಾಕಿ. ಫೈಲ್ ಹೆಸರುಗಳು ಕನ್ನಡದಲ್ಲಿದ್ದರೆ ಮೊದಲೇ ಇಂಗ್ಲಿಷ್‌ಗೆ ಬದಲಾಯಿಸಿ, ಚಿಕ್ಕದಾಗಿಡಿ. 98ಕ್ಕೆ ಯುನಿಕೋಡ್ ಕನ್ನಡ ಗೊತ್ತಿಲ್ಲ.

ಹೊರಗೆ ಒಯ್ಯಲು ನಾನು ಮಾಡುವುದು ಹೀಗೆ. ಮಷೀನ್‌ಗೆ ಎರಡನೇ ಡಿಸ್ಕ್ ಒಂದನ್ನು ಸೇರಿಸುತ್ತೇನೆ, 1 ಜಿಬಿ, ವಿಎಚ್‌ಡಿ ಮಾದರಿಯದು. 98ರ ಒಳಗೆ ಅದನ್ನೂ ಎಫ್‌ಡಿಸ್ಕ್, ಫಾರ್ಮ್ಯಾಟ್ ಮಾಡುತ್ತೇನೆ. ಬೇಕಾದ್ದನ್ನು ಅದಕ್ಕೆ ಕಾಪಿ ಮಾಡಿ 98 ಅನ್ನು ಪೂರ್ತಿ ಶಟ್‌ಡೌನ್ ಮಾಡಿದ ಮೇಲೆ, ವಿಂಡೋಸ್ 11ರಲ್ಲಿ ಆ ವಿಎಚ್‌ಡಿ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ. ಕೆಲಸ ಆದ ಮೇಲೆ ಇಜೆಕ್ಟ್ ಮಾಡಿ. ಎರಡು ಎಚ್ಚರಿಕೆ: ಎರಡೂ ಕಡೆ ಒಟ್ಟಿಗೆ ತೆರೆಯಬೇಡಿ. ಈ ಡಿಸ್ಕನ್ನು ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಸೇರಿಸಿ, ಆಮೇಲೆ ಇನ್ನೊಂದು ಸ್ನ್ಯಾಪ್‌ಶಾಟ್ ತೆಗೆಯಬೇಡಿ. ತೆಗೆದರೆ ಹೊಸ ಫೈಲ್‌ಗಳು ಬೇರೆ ಕಡೆ ಸೇರಿ, ವಿಎಚ್‌ಡಿ ತೆರೆದಾಗ ಕಾಣುವುದೇ ಇಲ್ಲ.

ಇಂಟರ್‌ನೆಟ್ ಕೊಡಬಹುದಾ ಅಂತ ಕೇಳುತ್ತಾರೆ. ಕೊಟ್ಟು ಏನು ಮಾಡುತ್ತೀರಿ? ಇವತ್ತಿನ ಸೈಟ್‌ಗಳು ಅದರಲ್ಲಿ ತೆರೆಯುವುದಿಲ್ಲ, 2006ರ ಜುಲೈ ಆದ ಮೇಲೆ ಅದಕ್ಕೆ ಒಂದೂ ಸೆಕ್ಯೂರಿಟಿ ಅಪ್‌ಡೇಟ್ ಬಂದಿಲ್ಲ.

ಹಂತ 9: ಕನ್ನಡ ಮತ್ತು ಪ್ರಿಂಟ್

ಫಾಂಟ್‌ಗಳನ್ನು ಕಂಟ್ರೋಲ್ ಪ್ಯಾನೆಲ್‌ನ ಫಾಂಟ್ಸ್‌ನಲ್ಲಿ ಹಾಕಿ. ಪೇಜ್‌ಮೇಕರ್ ತೆರೆಯುವ ಮೊದಲೇ ಹಾಕಿರಬೇಕು. ಫೈಲ್ ತೆರೆದಾಗ ಫಾಂಟ್ ಸಿಗದೆ ಬೇರೆ ಫಾಂಟ್ ಬಳಸಲಾ ಅಂತ ಕೇಳಿದರೆ ಸೇವ್ ಮಾಡದೆ ಹೊರಗೆ ಬನ್ನಿ. ಹೌದು ಅಂದು ಸೇವ್ ಮಾಡಿದರೆ ಪುಟಗಳ ಜೋಡಣೆ ಪೂರ್ತಿ ಅಡ್ಡಾದಿಡ್ಡಿ.

ಹಳೇ ನುಡಿಯಲ್ಲಿ ಇಂಗ್ಲಿಷ್, ಕನ್ನಡ ಬದಲಾಯಿಸುವುದು ಸ್ಕ್ರೋಲ್ ಲಾಕ್ ಕೀಯಿಂದ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಕೀ ಎಲ್ಲಿದೆ, ಹುಡುಕಿ ನೋಡಿ! ಬಹಳಷ್ಟರಲ್ಲಿ ಇಲ್ಲ. ವರ್ಚುವಲ್‌ಬಾಕ್ಸ್‌ನ ಇನ್‌ಪುಟ್ ಮೆನುವಿನಲ್ಲಿ ಸಾಫ್ಟ್ ಕೀಬೋರ್ಡ್ ಇದೆ, ಅದರಲ್ಲಿ ಒತ್ತಬಹುದು. ದಿನವೂ ಬಳಸುವವರು ಯುಎಸ್‌ಬಿ ಕೀಬೋರ್ಡ್ ಒಂದನ್ನು ಸಿಕ್ಕಿಸಿಕೊಂಡರೆ ತಲೆನೋವು ಹೋಗುತ್ತದೆ.

ಪ್ರಿಂಟ್‌ಗೆ ನಿಮ್ಮ ಈಗಿನ ಪ್ರಿಂಟರ್‌ನ ಡ್ರೈವರ್ ಹುಡುಕಬೇಡಿ, ಸಿಗುವುದಿಲ್ಲ. 98ರ ಜೊತೆಗೇ ಬರುವ ಆಪಲ್ ಲೇಸರ್‌ರೈಟರ್ ಡ್ರೈವರ್ ಒಂದನ್ನು ಸೇರಿಸಿ, ಪೋರ್ಟ್ ಕೇಳಿದಾಗ ಫೈಲ್ ಅಂತ ಕೊಡಿ. ಪ್ರಾಪರ್ಟೀಸ್‌ನ ಫಾಂಟ್ಸ್ ಭಾಗದಲ್ಲಿ ಟ್ರೂಟೈಪ್ ಫಾಂಟ್‌ಗಳನ್ನು ಯಾವಾಗಲೂ ಬಳಸು ಅನ್ನುವ ಆಯ್ಕೆ ಇರಲಿ, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಕಸ ಬರಬಹುದು. ಈಗ ಪೇಜ್‌ಮೇಕರ್‌ನಿಂದ ಪ್ರಿಂಟ್ ಕೊಟ್ಟರೆ ಪೋಸ್ಟ್‌ಸ್ಕ್ರಿಪ್ಟ್ ಫೈಲ್ ಸಿಗುತ್ತದೆ. ಅದನ್ನು ವಿಎಚ್‌ಡಿ ಮೂಲಕ ಹೊರಗೆ ತಂದು ಘೋಸ್ಟ್‌ಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಂನಲ್ಲಿ ಪಿಡಿಎಫ್ ಮಾಡಿ. ಆ ಪಿಡಿಎಫ್‌ನಿಂದ ಅಕ್ಷರ ಕಾಪಿ ಮಾಡಿದರೆ ಕಸವೇ ಬರುತ್ತದೆ, ಅದು ಫಾಂಟ್‌ನ ಗುಣ. ಕಣ್ಣಿಗೂ ಕಾಗದಕ್ಕೂ ಸರಿಯಾಗಿಯೇ ಇರುತ್ತದೆ.

ಹಂತ 10: ಇಡೀ ಫೋಲ್ಡರ್ ಎತ್ತಿಡಿ

ಎಲ್ಲ ಸರಿಯಾದ ಮೇಲೆ 98 ಅನ್ನು ಶಟ್‌ಡೌನ್ ಮಾಡಿ. ಸೇವ್ ಸ್ಟೇಟ್ (ಓಡುತ್ತಿದ್ದ ಹಾಗೆಯೇ ನಿಲ್ಲಿಸಿಡುವುದು) ಅಲ್ಲ, ಪೂರ್ತಿ ಶಟ್‌ಡೌನ್. ಸೇವ್ ಸ್ಟೇಟ್ ಇಟ್ಟದ್ದು ವರ್ಚುವಲ್‌ಬಾಕ್ಸ್ ಅಪ್‌ಡೇಟ್ ಆದ ಮೇಲೆ ಏಳದೇ ಹೋಗಬಹುದು. ಆಮೇಲೆ ಮಷೀನ್‌ನ ಇಡೀ ಫೋಲ್ಡರನ್ನು ಹೊರಗಿನ ಡಿಸ್ಕ್ ಒಂದಕ್ಕೆ ಕಾಪಿ ಮಾಡಿ. ವಿಎಚ್‌ಡಿ ಬೇರೆ ಕಡೆ ಇದ್ದರೆ ಅದನ್ನೂ ಸೇರಿಸಿ, ಪ್ಯಾಚರ್ ಫ್ಲಾಪಿ, ಐಎಸ್‌ಒಗಳು, ಫಾಂಟ್‌ಗಳು, ಕೀ ಬರೆದ ಚೀಟಿಯ ಫೋಟೋ ಎಲ್ಲ ಜೊತೆಗಿರಲಿ. ಮುಂದಿನ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ, ಮಷೀನ್ ಮೆನುವಿನ ಆ್ಯಡ್‌ನಲ್ಲಿ ಆ ಫೋಲ್ಡರ್ ತೋರಿಸಿದರೆ ಸಾಕು. ಆದರೆ ಅಲ್ಲೂ ಮೊದಲು ಆಮೆ ಇದೆಯಾ ನೋಡಿ.